ಇಸ್ತ್ರಿ ಮಾಡಿದ ತೋಳು

ಬೆಳಕು ಹರಿಯುವ ಮೊದಲು ಅವಳು ಮುಗಿಸುವ ಕೆಲಸಗಳು: ಅತ್ತೆಯ ಮಂಚದ ಕೆಳಗಿನ ಬೇಸಿನ್ ತೆಗೆದು, ತೊಳೆದು, ಮತ್ತೆ ಅಲ್ಲೇ ಇಡುವುದು, ಸದ್ದಾಗಿ ಅತ್ತೆಗೆ ಎಚ್ಚರವಾದರೆ ಕಾಲು ನೀವುವ ಕೆಲಸವೂ ಸೇರಿಕೊಳ್ಳುತ್ತದೆ, ಆದ್ದರಿಂದ ಸದ್ದಿಲ್ಲದೆ. ಹಿಂದಿನ ಸಂಜೆ ನೆನೆಹಾಕಿದ ಬಟ್ಟೆಗಳಲ್ಲಿ ಬಣ್ಣ ಬಿಡುವಂಥವನ್ನು ಬೇರೆ ಮಾಡುವುದು. ಒಲೆಯ ಮೇಲೆ ಒಂದು ಕಡೆ ಅನ್ನಕ್ಕೆ, ಇನ್ನೊಂದು ಕಡೆ ಗಂಜಿಗೆ ನೀರಿಡುವುದು. ಒಂದು ಮನೆಯವರ ಹೊಟ್ಟೆಗೆ, ಇನ್ನೊಂದು ಊರಿನವರ ಕಾಲರಿಗೆ. ಮಗಳ ಶಾಲೆಯ ಅಂಗಿಯಲ್ಲಿ ಗುಂಡಿ ಇದೆಯೇ ಎಂದು ನೋಡುವುದು. ಇರುವುದಿಲ್ಲ. ಹೊಲಿಯುವುದು. ಶೆಡ್ಡಿನ ಮೂಲೆಯ ಇದ್ದಿಲಿನಲ್ಲಿ ಪುಡಿ ಬೇರೆ, ತುಂಡು ಬೇರೆ ಮಾಡುವುದು. ಬೀದಿ ಕೊನೆಯ ನಲ್ಲಿಗೆ ಹೋಗಿ ಕೊಡಗಳನ್ನು ಸಾಲಿಗಿಟ್ಟು ಬರುವುದು, ಅನ್ನ ಇಳಿಸುವುದು, ಮತ್ತೆ ನಲ್ಲಿಗೆ ಹೋಗುವುದು, ತುಂಬಿದ್ದನ್ನು ಹೊತ್ತು ತರುವುದು, ಮತ್ತೆ ಹೋಗುವುದು. ಒಗೆಯುವ ಕಲ್ಲಿನ ಪಕ್ಕದ ತೊಟ್ಟಿ ಅಂಚಿನವರೆಗೆ ತುಂಬಬೇಕು. ನೀರು ನಿಂತ ಮೇಲೆ ದಿನವಿಡೀ ಆ ತೊಟ್ಟಿಯೇ ಗತಿ.

ಊರಾಚೆಯ ಕಾರ್ಖಾನೆಯೊಂದಕ್ಕೆ ರಾತ್ರಿ ಕಾವಲಿರುವ ಗಂಡ ಪಾಳಿ ಮುಗಿಸಿ ಬರುವ ಹೊತ್ತಿಗೆ ಅವಳು ಚಹಾ ಕಾಯಿಸುತ್ತ ಒಲೆಯ ಮುಂದೆ ಕೂತಿರುತ್ತಾಳೆ. "ಈಗ ಎದ್ಯಾ?" ಎಂದು ಅವನು ಕೇಳುತ್ತಾನೆ. ಮದುವೆಯಾದಂದಿನಿಂದ ಕೇಳುತ್ತಿದ್ದಾನೆ. ಕೆಟ್ಟವನಲ್ಲ. ಮಾಡಿ ಮುಗಿಸಿದ ಕೆಲಸ ಅವನ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಮಾಡದೆ ಉಳಿದದ್ದು ಮಾತ್ರ ಬಾಗಿಲಿನಿಂದಲೇ ಕಾಣುತ್ತದೆ.

ಬೀದಿಯವರಿಗೆ ಅವಳು ಗಂಜಿ ಅಕ್ಕ. ಅವಳು ಗಂಜಿ ಹಾಕಿದ ಅಂಗಿ ಒಳಗೆ ಮೈಯಿಲ್ಲದೆಯೂ ಎದ್ದು ನಿಲ್ಲುತ್ತದೆ ಎಂದು ಒಂದು ತಮಾಷೆ. ಅವಳ ಮಾತಿಗೂ ಒಂದಿಷ್ಟು ಗಂಜಿ ಬಿದ್ದಿದೆ ಎಂದು ಇನ್ನೊಂದು. ಮನೆಯೆಂದರೆ ಮುಂದೆ ತಗಡಿನ ಶೆಡ್ಡು, ಹಿಂದೆ ಒಂದೂವರೆ ಕೋಣೆ. ಶೆಡ್ಡಿನಲ್ಲಿ ಸೊಂಟದೆತ್ತರದ ಮೇಜು, ಅದರ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಅಂಚಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಮೂತಿಯಂಥ ಕಂದು ಗುರುತುಗಳು. ಬೀದಿಯಲ್ಲಿ ಯಾರು ಎದೆಯ ಮೇಲೆ ಸಾರು ಚೆಲ್ಲಿಕೊಳ್ಳುತ್ತಾರೆ, ಯಾರ ದಿಂಬು ಯಾವಾಗ ಅತ್ತಿದೆ, ಯಾವ ಗಂಡ ಹೆಂಡತಿ ಈಗ ಬೇರೆ ಬೇರೆ ಹಾಸಿಗೆಯಲ್ಲಿ ಮಲಗುತ್ತಿದ್ದಾರೆ, ಎಲ್ಲ ಅವಳಿಗೆ ಗೊತ್ತು.

"ನಾನು ಬಾಯಿ ಬಿಟ್ರೆ ಈ ಬೀದೀಲಿ ಒಬ್ರೂ ತಲೆ ಎತ್ತಿ ಓಡಾಡಲ್ಲ," ಎಂದು ಅತ್ತೆಯೊಬ್ಬರ ಹತ್ತಿರ ಮಾತ್ರ ನಗುತ್ತಾಳೆ.

"ಬಿಡಬೇಡ ಮಾರಾಯ್ತಿ. ತಲೆ ತಗ್ಗಿಸಿದೋರು ಅಂಗಿಗೆ ಇಸ್ತ್ರಿ ಹಾಕಿಸಲ್ಲ," ಎನ್ನುತ್ತಾರೆ ಅತ್ತೆ. ಆ ಮುದುಕಿಗೆ ಕಾಲು ಸೋತಿದೆ, ನಾಲಿಗೆ ಸೋತಿಲ್ಲ.

ನಲ್ಲಿ ಇರುವುದು ಬೀದಿ ತಿರುಗುವಲ್ಲಿ, ಗೋಡೌನುಗಳ ಉದ್ದನೆಯ ಗೋಡೆಯ ಬುಡದಲ್ಲಿ. ಅಲ್ಲೊಂದು ಟ್ಯೂಬ್‌ಲೈಟು. ಎಲ್ಲರಿಗಿಂತ ಹೆಚ್ಚು ನೀರು ಬೇಕಾದವಳು ಅವಳು, ಆದ್ದರಿಂದ ಎಲ್ಲರಿಗಿಂತ ಮೊದಲು ಅಲ್ಲಿರುವವಳೂ ಅವಳೇ. ಚಳಿಗಾಲದ ಒಂದು ಮುಂಜಾನೆ, ಮೊದಲ ಕೊಡ ಅರ್ಧ ತುಂಬಿದ್ದಾಗ, ಗೋಡೆಯ ಸಂದಿನಿಂದ ಬಂದವನೊಬ್ಬ ಅವಳ ಸ್ವೆಟರ್ ಹಿಡಿದು ಸಂದಿನ ಕಡೆಗೆ ಎಳೆದ. ಕೂಗಬೇಕೆಂದುಕೊಂಡಳು, ದನಿ ಬರಲಿಲ್ಲ. ಕೈ ಬಂತು. ಒದ್ದೆ ಬಟ್ಟೆಯನ್ನು ಹಿಂಡಿ ಹಿಂಡಿ ಗಟ್ಟಿಯಾದ ಕೈ. ಅವನ ಅಂಗಿಯ ತೋಳು ಹಿಡಿದು ಜಗ್ಗಿದಳು, ಭುಜದ ಹೊಲಿಗೆ ಬಿಚ್ಚಿ ತೋಳು ಅವಳ ಮುಷ್ಟಿಗೇ ಬಂತು. ಅವನು ಅವಳನ್ನು ನಲ್ಲಿಯ ಕಟ್ಟೆಯ ಮೇಲೆ ನೂಕಿದ. ಹುಬ್ಬು ಒಡೆಯಿತು. ಬೀಳುವಾಗ ಅವನ ಮುಖ ಟ್ಯೂಬ್‌ಲೈಟಿನ ಕೆಳಗೇ ಇತ್ತು, ಎದುರು ಮನೆಯವನ ಮುಖ ನೋಡಿದಷ್ಟು ಸ್ಪಷ್ಟವಾಗಿ ನೋಡಿದಳು. ಕೊಡ ಉರುಳಿದ ಸದ್ದಿಗೆ ಎಲ್ಲೋ ನಾಯಿ ಬೊಗಳಿತು. ಅವನು ಓಡಿಹೋದ.

ಆಮೇಲೆ ಅವಳು ಮಾಡಿದ್ದೇನು? ನೀರು ತುಂಬಿದಳು. ಒಂದು ಕೈಯಲ್ಲಿ ಹುಬ್ಬು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ. ನೀರು ನಿಂತುಬಿಟ್ಟರೆ ಆ ದಿನದ ಬಟ್ಟೆಯೆಲ್ಲ ಹಾಗೇ ಉಳಿಯುತ್ತದೆ, ಅತ್ತೆಯ ಬೇಸಿನ್ನೂ. ಮನೆಗೆ ಬಂದವಳು ಇನ್ನೊಂದು ಕೆಲಸ ಮಾಡಿದಳು. ಅವಳಂಥವರು ಮಾತ್ರ ಮಾಡಬಹುದಾದ ಕೆಲಸ. ರಕ್ತವಾದ ಸ್ವೆಟರನ್ನೂ ಆ ಹರಿದ ತೋಳನ್ನೂ ತಣ್ಣೀರಿಗೆ ಹಾಕಿ ಸೋಪು ಹಚ್ಚಿ ಉಜ್ಜಿದಳು. ರಕ್ತದ ಕಲೆಯನ್ನು ಒಣಗಲು ಬಿಡಬಾರದು. ಒಣಗಿದರೆ ಬಟ್ಟೆ ಇರುವವರೆಗೂ ಹೋಗುವುದಿಲ್ಲ. ಇದು ಅವಳು ಯೋಚಿಸಿ ಮಾಡಿದ್ದಲ್ಲ. ಬಿಸಿ ತಗುಲಿದರೆ ಕೈ ಹಿಂದಕ್ಕೆ ಬರುವ ಹಾಗೆ ಆಗಿಹೋದದ್ದು. ಆಸ್ಪತ್ರೆಗೆ ಹೋಗಿ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದಾಗ ತೋಳು ಒಣಗಿತ್ತು. ಪೊಲೀಸ್ ಠಾಣೆಗೆ ಒಯ್ಯುವುದು, ನಾಲ್ಕು ಜನ ದೊಡ್ಡವರ ಮೇಜಿನ ಮೇಲೆ ಇಡುವುದು. ಮುದುಡಿದ ಬಟ್ಟೆಯನ್ನು ಅವಳು ಈವರೆಗೆ ಯಾರ ಕೈಗೂ ಕೊಟ್ಟವಳಲ್ಲ. ಅದಕ್ಕೂ ಒಂದು ಇಸ್ತ್ರಿ ಹಾಕಿ, ಮಡಚಿ, ಕಾಗದದಲ್ಲಿ ಸುತ್ತಿಕೊಂಡು ಹೊರಟಳು.

ಠಾಣೆಯ ರೈಟರ್ ಮೇಜಿನ ಹಿಂದಿನಿಂದಲೇ ಕಾಗದದ ಪೊಟ್ಟಣ ನೋಡಿದ.

"ಯಾರ ಬಟ್ಟೆನಮ್ಮಾ? ಇಲ್ಲಿ ಯಾರೂ ಕೊಟ್ಟಿಲ್ವಲ್ಲ."

"ಬಟ್ಟೆ ಕೊಡೋಕೆ ಬಂದಿಲ್ಲ ಸಾರ್. ದೂರು ಕೊಡೋಕೆ ಬಂದೆ."

"ಹಾಗಾದ್ರೆ ಅಲ್ಲಿ ಕೂತ್ಕೋ. ಸಾಹೇಬ್ರು ಬರಬೇಕು." ಅವಳು ಬೆಂಚಿನಲ್ಲಿ ಕೂತಳು. ಅವನು ಮತ್ತೆ ತಲೆಯೆತ್ತಿದ. "ಸುಮ್ನೆ ಕೂತಿದ್ದೀಯಲ್ಲ, ಆ ಲೋಟಗಳಿಗೆ ಒಂದಿಷ್ಟು ನೀರು ತೋರ್ಸಿಬಿಡು. ಕೆಲಸದೋಳು ಬಂದಿಲ್ಲ ಇವತ್ತು."

ಮೂಲೆಯ ಟ್ರೇಯಲ್ಲಿ ಚಹಾದ ಲೋಟಗಳಿದ್ದವು, ತಳದಲ್ಲಿ ಒಣಗಿದ ಕಂದು ಉಂಗುರಗಳು. ಹುಬ್ಬಿನ ಮೇಲೆ ಹಸಿ ಹೊಲಿಗೆಯಿದ್ದ ಹೆಂಗಸು ಎದ್ದು ಹೋಗಿ ಅವನ್ನು ತೊಳೆದಳು. ಯಾಕೆ ತೊಳೆದೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಕೇಳಬೇಕಾದದ್ದು ಅವಳನ್ನಲ್ಲ. ಏಟು ತಿಂದು ಬಂದ ಗಂಡಸೊಬ್ಬನಿಗೆ ಆ ಠಾಣೆಯಲ್ಲಿ ಯಾರಾದರೂ ಲೋಟ ತೊಳೆ ಎನ್ನುತ್ತಿದ್ದರೇ? ಹೆಂಗಸು ಎಂದರೆ ಎಲ್ಲಿ ಕೂತರೂ ಯಾವುದೋ ಮನೆಯ ಹಿತ್ತಿಲಲ್ಲಿ ಕೂತ ಹಾಗೆ. ಅವಳು ತೊಳೆದ ಲೋಟದಲ್ಲೇ ಚಹಾ ತರಿಸಿ ಕುಡಿಯುತ್ತ ರೈಟರ್ ವಿಚಾರಣೆ ಶುರು ಮಾಡಿದ. ಬೆನ್ನ ಹಿಂದೆ ಇನ್ನಿಬ್ಬರು ಪೇದೆಗಳು ಬಂದು ನಿಂತರು.

"ಆ ಹೊತ್ತಲ್ಲಿ ನಿಂಗೇನಮ್ಮ ಕೆಲಸ ಅಲ್ಲಿ?"

"ನೀರು ಹಿಡಿಯೋ ಕೆಲಸ."

"ಬೆಳಕಾದ್ಮೇಲೆ ಹೋಗ್ಬೋದಿತ್ತಲ್ಲ."

"ಬೆಳಕಾದ್ಮೇಲೆ ನಾವಿದ್ರೂ ನೀರಿರಲ್ಲ."

"ಗಂಡ?"

"ರಾತ್ರಿ ಪಾಳಿ. ಕಾರ್ಖಾನೆ ಕಾಯ್ತಾರೆ."

"ಕಂಡೋರ ಗೇಟು ಕಾಯ್ತಾನೆ, ತನ್ಮನೆ ಗೇಟು ತೆಗೆದಿಟ್ಟು." ಪೇದೆಗಳು ನಕ್ಕರು. "ಅವನು ಮೊದ್ಲೇ ಗೊತ್ತಿದ್ದೋನಾ?"

"ಇಲ್ಲ."

"ಗೊತ್ತಿಲ್ದೆ ಬಂದು ಸ್ವೆಟರ್ ಹಿಡೀತಾನಾ ಯಾರಾದ್ರೂ? ಸರಿ. ಅವನು ಓಡಿಹೋದ್ಮೇಲೆ ನೀನೇನು ಮಾಡ್ದೆ?"

"ನೀರು ತುಂಬ್ದೆ."

"ನೀರು ತುಂಬ್ದೆ." ರೈಟರ್ ಆ ಮಾತನ್ನು ನಾಲಿಗೆಯ ಮೇಲೆ ಉರುಳಿಸಿದ. "ಅಷ್ಟೆಲ್ಲ ಆಗಿ ಗಾಬರಿ ಆದೋಳು ಆರಾಮಾಗಿ ನೀರು ತುಂಬ್ಕೊಂಡು ಬಂದೆ."

ಅವಳು ಪೊಟ್ಟಣ ಬಿಚ್ಚಿ ತೋಳನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಕಫಿನಿಂದ ಭುಜದವರೆಗೆ ಒಂದು ಸುಕ್ಕಿಲ್ಲ.

"ಇದೇನು?"

"ಅವನ ಅಂಗೀದು. ನನ್ ಕೈಗೆ ಬಂತು."

"ಒಗೆದಿದ್ದೀಯಾ?"

"ರಕ್ತ ಆಗಿತ್ತು."

"ಇಸ್ತ್ರಿ ಬೇರೆ ಹಾಕಿದ್ದೀಯಾ?"

ಅವಳಿಗೆ ಆಗ ಹೊಳೆಯಿತು. ಆದರೂ ಬಾಯಿಗೆ ಬಂದದ್ದು ಸತ್ಯವೇ. "ಮುದುಡಿತ್ತು," ಎಂದಳು.

ಠಾಣೆ ನಕ್ಕಿತು. ಬಾಗಿಲಿನಲ್ಲಿ ಪಾರ್ಸೆಲ್ ಹಿಡಿದು ನಿಂತಿದ್ದ ಹೋಟೆಲಿನವನೂ ನಕ್ಕ. ಅಷ್ಟರಲ್ಲಿ ಬಂದ ಇನ್‌ಸ್ಪೆಕ್ಟರ್‌ಗೆ ರೈಟರ್ ತೋಳನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ: "ಸಾಕ್ಷಿ ನೋಡಿ ಸಾರ್, ಗರಿಗರಿಯಾಗಿದೆ." ಇನ್‌ಸ್ಪೆಕ್ಟರ್ ನಗಲಿಲ್ಲ. ಅವನಿಗೆ ಅವಸರವಿತ್ತು. "ಇದ್ದ ಒಂದು ಸಾಕ್ಷಿನ ನೀನೇ ಒಗೆದು ಕೂತ್ಮೇಲೆ ನಾವೇನಮ್ಮಾ ಮಾಡೋದು? ಹೋಗು. ನಾಳೆಯಿಂದ ಆ ಕಡೆ ಗಸ್ತು ಕಳಿಸ್ತೀವಿ. ಒಬ್ಳೇ ಓಡಾಡ್ಬೇಡ." ರೈಟರ್ ಒಂದಕ್ಷರ ಬರೆದುಕೊಳ್ಳಲಿಲ್ಲ. ತೋಳನ್ನು ಅವಳಿಗೇ ಹಿಂದಕ್ಕೆ ಕೊಟ್ಟ.

ತೋಳು ತಣ್ಣೀರಲ್ಲಿ ಹೋಯಿತು, ಒಪ್ಪೋಣ. ಹುಬ್ಬಿನ ಹೊಲಿಗೆಯನ್ನು ಯಾರೂ ಒಗೆದಿರಲಿಲ್ಲ. ಗೋಡೆಯ ಸಂದು ಅಲ್ಲೇ ಇತ್ತು, ಹೋಗಿ ನೋಡಬಹುದಿತ್ತು. ಅವಳ ಕಣ್ಣಲ್ಲಿ ಒಂದು ಮುಖವಿತ್ತು. ಅಷ್ಟು ಜನ ಅಷ್ಟು ಪ್ರಶ್ನೆ ಕೇಳಿದರು, ಅವನು ಹೇಗಿದ್ದ ಎಂದು ಮಾತ್ರ ಯಾರೂ ಕೇಳಲಿಲ್ಲ.

ಅವಳು ಮನೆ ಮುಟ್ಟುವ ಮೊದಲೇ ಹೋಟೆಲಿನವನ ಬಾಯಿಂದ ಸುದ್ದಿ ಬೀದಿ ಮುಟ್ಟಿತ್ತು. ಸಂಜೆಯ ಹೊತ್ತಿಗೆ ಅದೊಂದು ಕತೆಯಾಗಿತ್ತು; ಒಂದು ವಾರದಲ್ಲಿ ಕತೆಯಲ್ಲಿ ಅವಳು ತೋಳಿಗೆ ಗಂಜಿಯನ್ನೂ ಹಾಕಿದ್ದಳು. ಗಂಡ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ನಂಗೊಂದ್ಮಾತು ಹೇಳಿ ಹೋಗಿದ್ರೆ ಈ ನಗೆಪಾಟಲು ತಪ್ತಿತ್ತು," ಎಂದ.

"ನೀನು ನಿದ್ದೆ ಮಾಡ್ತಿದ್ದೆ ಕಣೋ," ಎಂದರು ಅತ್ತೆ ಮಂಚದಿಂದಲೇ. "ಅವಳ ಹುಬ್ಬು ಹರಿದಿದ್ದಕ್ಕೆ ನಿನ್ನ ಮಾನ ಯಾಕೆ ಹರೀತು, ಅದನ್ನ ಹೇಳು ಮೊದ್ಲು."

ಗಸ್ತು ಬರಲಿಲ್ಲ. ಬೀದಿಯ ಹೆಂಗಸರು ತಾವೇ ಒಂದು ಏರ್ಪಾಟು ಮಾಡಿಕೊಂಡರು: ನಲ್ಲಿಗೆ ಗುಂಪಾಗಿ ಹೋಗುವುದು, ಎಲ್ಲರ ಕೊಡ ತುಂಬುವವರೆಗೆ ಎಲ್ಲರೂ ನಿಲ್ಲುವುದು. ಅದಕ್ಕೆ ಎಲ್ಲರೂ ಇನ್ನಷ್ಟು ಮುಂಚೆ ಏಳಬೇಕಾಯಿತು. ಪೊಲೀಸರು ಮಾಡಬೇಕಿದ್ದ ಕೆಲಸವೂ ಹೆಂಗಸರ ಬೆಳಗಿನ ಕೆಲಸದ ಸಾಲಿಗೇ ಬಂದು ಸೇರಿತು, ಸಂಬಳವಿಲ್ಲದೆ, ಲಾಠಿಯಿಲ್ಲದೆ.

ಜೊತೆಗೆ ಒಂದು ಮಾತೂ ಹುಟ್ಟಿಕೊಂಡಿತು. ಮೊಟ್ಟೆ ಅಂಗಡಿಯವಳ ಬೀಗ ಯಾರೋ ಮುರಿದಾಗ, ದೂರು ಕೊಡು ಎಂದವರಿಗೆ ಅವಳು ಹೇಳಿದಳು: "ಹೋಗಿ ಲೋಟ ತೊಳ್ಕೊಂಡು ಬರ್ಲಾ?" ಮೂಲೆಮನೆಯ ಟೀಚರ ಕೈಯಿಂದ ಫೋನು ಕಿತ್ತುಕೊಂಡು ಹೋದಾಗ ಅವರೂ ಅದನ್ನೇ ಹೇಳಿದರು, ನಗುತ್ತ. ಪೆಟ್ಟು ತಿಂದು ಬಂದ ಒಬ್ಬಳನ್ನು ನೋಡಿ ಠಾಣೆ ಒಂದು ಸಲ ನಕ್ಕಿತು. ಇಡೀ ಬೀದಿ ಠಾಣೆಯ ಕಡೆಗೆ ತಲೆಹಾಕುವುದನ್ನೇ ಬಿಟ್ಟಿತು. ಅಲ್ಲಿಯ ಸಾಹೇಬರು ಮೇಲಿನವರಿಗೆ ಆ ಬೀದಿ ಬಹಳ ಶಾಂತವಾಗಿದೆ ಎಂದು ವರದಿ ಕಳಿಸಿರಬಹುದು.

ಟೈಲರಮ್ಮನ ಮಗಳು ಬೇಕರಿಯೊಂದರ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಸಂಜೆ ಮನೆಗೆ ಬರುವಾಗ ಯಾರೋ ಹಿಂದೆ ಬಂದ ಹಾಗಾಗುತ್ತದೆ ಎಂದು ತಾಯಿಯ ಹತ್ತಿರ ಹೇಳಿದಳು. ಠಾಣೆಗೆ ಹೇಳೋಣವೇ ಎಂದು ತಾಯಿ ಕೇಳಿದ್ದಕ್ಕೆ ಆ ಹುಡುಗಿಯೂ ಅದೇ ಮಾತು ಆಡಿದಳು, ಲೋಟದ ಮಾತು. ತಾಯಿ ನಕ್ಕು ಸುಮ್ಮನಾದಳು. ಒಂದು ಸಂಜೆ ಅದೇ ಗೋಡೆಯ ಬಳಿ ಹಿಂದಿನಿಂದ ಬಂದವನು ಹುಡುಗಿಯ ತಲೆಗೆ ಚೀಲ ಮುಚ್ಚಿ, ಕುತ್ತಿಗೆ ಹಿಡಿದು ಸಂದಿಗೆ ಎಳೆದ. ತಿರುವಿನಲ್ಲಿ ಲಾರಿಯೊಂದರ ಬೆಳಕು ಬಿದ್ದದ್ದರಿಂದ ಬಿಟ್ಟು ಓಡಿದ. ಹುಡುಗಿಯ ಮಣಿಕಟ್ಟು ಮುರಿದಿತ್ತು, ಕುತ್ತಿಗೆಯಲ್ಲಿ ಬೆರಳುಗಳ ಗುರುತು ನೀಲಿಗಟ್ಟಿತ್ತು. ಠಾಣೆಗೆ ತಿಳಿಸಿದ್ದು ಮನೆಯವರಲ್ಲ, ಆಸ್ಪತ್ರೆಯವರು. ಪತ್ರಿಕೆಯಲ್ಲಿ ಬಂತು. ಮೇಲಿನಿಂದ ಫೋನು ಬಂತು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಹಾಗೆ ಗೋಡೆಯ ಬಳಿ ಜೀಪು ಬಂದು ನಿಂತಿತು. ಗೋಡೌನಿನಲ್ಲಿ ಮೂಟೆ ಇಳಿಸುವವನೊಬ್ಬನನ್ನು ಅನುಮಾನದ ಮೇಲೆ ಹಿಡಿದರು. ಆದರೆ ಹುಡುಗಿ ಮುಖ ನೋಡಿರಲಿಲ್ಲ. ಆಗ ಯಾರಿಗೋ ಗರಿಗರಿ ಸಾಕ್ಷಿ ನೆನಪಾಯಿತು.

ರೈಟರ್ ಶೆಡ್ಡಿಗೆ ಬಂದಾಗ ಅವಳು ಇಸ್ತ್ರಿ ಹಾಕುತ್ತಿದ್ದಳು.

"ಅಕ್ಕಾ, ಚೆನ್ನಾಗಿದ್ದೀರಾ?" ಎಂದ.

ಅವಳು ತಲೆಯೆತ್ತಲಿಲ್ಲ. "ಕೂತ್ಕೊಳ್ಳಿ ಅನ್ನೋಕೆ ಇಲ್ಲಿ ಕುರ್ಚಿ ಇಲ್ಲ."

"ಪರವಾಗಿಲ್ಲ. ನೀವು ಅವತ್ತು ಅವನ ಮುಖ ನೋಡಿದ್ರಿ ಅಲ್ವಾ?"

"ಯಾರು ಹೇಳಿದ್ರು?"

"ನೀವೇ ಹೇಳಿರ್ಬೇಕು."

"ನಾನು ಹೇಳಿಲ್ಲ. ನೀವು ಕೇಳಿಲ್ಲ."

ರೈಟರ್ ಟೋಪಿ ತೆಗೆದು ಹಣೆ ಒರೆಸಿಕೊಂಡ. "ಆ ತೋಳು ಇದೆಯಾ?"

"ಇಸ್ತ್ರಿ ಪೆಟ್ಟಿಗೆ ಹಿಡಿಗೆ ಸುತ್ತಿದ್ದೆ. ಕೈ ಸುಡ್ದೆ ಇರ್ಲಿ ಅಂತ. ಸೀದು ಸೀದು ಹೋಯ್ತು." ಅವಳು ಅಂಗಿಯನ್ನು ಮಗುಚಿದಳು. "ನಾನು ಬರಲ್ಲ. ನಿಮ್ ಲೋಟಗಳು ಚೊಕ್ಕಟವಾಗಿದ್ರೆ ಸಾಕು."

ಅವನು ಹೋದ ಮೇಲೆ ಆ ಅಂಗಿ ಅವಳ ಕೈಯಲ್ಲಿ ಸ್ವಲ್ಪ ಸುಟ್ಟಿತು. ಅಪರೂಪಕ್ಕೆ.

ಮನೆಯಲ್ಲಿ ಗಂಡನಿಗೆ ಸಮಾಧಾನವಾಯಿತು. "ಒಳ್ಳೇದು ಮಾಡ್ದೆ. ನಮಗ್ಯಾಕೆ ಊರ ಉಸಾಬರಿ? ಒಂದ್ಸಲ ನಗಿಸಿಕೊಂಡಿದ್ದು ಸಾಲ್ದಾ?" ಎಂದ. ಅವಳಿಗೆ ಆ ಸಮಾಧಾನ ಹಿಡಿಸಲಿಲ್ಲ. ತಾನು ಮಾಡಿದ್ದು ಅವನಿಗೆ ಇಷ್ಟು ಸಲೀಸಾಗಿ ಸರಿ ಎನಿಸಿದ್ದೇ ಅವಳಿಗೆ ಕಸಿವಿಸಿ. ಅವಳು ಠಾಣೆಗೆ ಬೆನ್ನು ತಿರುಗಿಸಿದ್ದಳು, ನಿಜ. ಆದರೆ ಆ ಬೆನ್ನು ಟೈಲರಮ್ಮನ ಮಗಳ ಕಡೆಗೂ ತಿರುಗಿತ್ತಲ್ಲ.

ಟೈಲರಮ್ಮ ಬಂದಳು. ಬಂದವಳು ಏನೂ ಕೇಳಲಿಲ್ಲ. ಮೇಜಿನ ತುದಿಗೆ ಒರಗಿ ನಿಂತು, ಯಾರದೋ ಅಂಗಿಯ ಜೇಬಿನ ಹೊಲಿಗೆಯನ್ನು ಉಗುರಿನಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ನಿನ್ನ ಕೇಳೋ ಮುಖ ನಂಗಿಲ್ಲ ಕಣಕ್ಕ," ಎಂದಳು ಕೊನೆಗೆ. "ಅವತ್ತು ಅವರು ನಕ್ರು ಅಂತ ಎಲ್ರೂ ಹೇಳ್ತಾರೆ. ನಾನೂ ನಕ್ಕಿದ್ದೆ."

"ನಗೋ ಹಾಗೇ ಇತ್ತಲ್ಲ ಬಿಡು."

"ಮಗಳು ತಲೆ ತೊಳೆಯೋಕೆ ಬಿಡ್ತಿಲ್ಲ. ಕುತ್ತಿಗೆಗೆ ಯಾರ ಕೈ ತಗುಲಿದ್ರೂ ಚೀರ್ತಾಳೆ. ನೀನೊಂದ್ಸಲ ಬರ್ತೀಯಾ?"

ತಲೆ ತೊಳೆಯುವುದಕ್ಕೆ ಇಲ್ಲ ಎನ್ನುವುದು ಹೇಗೆ? ಹೋದಳು. ಹುಡುಗಿ ಸ್ಟೂಲಿನ ಮೇಲೆ ಕೂತಿದ್ದಳು, ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು. ಗಂಜಿ ಅಕ್ಕ ಹಿಂದೆ ನಿಲ್ಲಲಿಲ್ಲ. ಎದುರಿಗೆ ನಿಂತು, ತನ್ನ ಕೈ ಹುಡುಗಿಗೆ ಕಾಣುವ ಹಾಗೆ, ಮುಂದಿನಿಂದಲೇ ನೀರು ಹಾಕಿ ತಲೆ ತೊಳೆದಳು. ಇಬ್ಬರ ಬಟ್ಟೆಯೂ ತೊಯ್ದುಹೋಯಿತು. ಹುಡುಗಿ ಚೀರಲಿಲ್ಲ.

"ಅವನು ಹೇಗಿದ್ದಾನೆ ಅಕ್ಕ?" ಎಂದು ಕೇಳಿದಳು.

ಅಷ್ಟು ದಿನಗಳಲ್ಲಿ ಅದನ್ನು ಕೇಳಿದ ಮೊದಲನೆಯವಳು ಅವಳು.

"ಯಾಕೆ ಬೇಕು ನಿಂಗೆ?"

"ನಾನು ಮುಖ ನೋಡಿಲ್ಲ. ಅದಕ್ಕೆ ಬೀದೀಲಿ ಬರೋ ಎಲ್ಲಾ ಗಂಡಸ್ರೂ ಅವನೇ ಆಗ್ಬಿಟ್ಟಿದ್ದಾರೆ. ಹಾಲಿನವನೂ. ಅಪ್ಪನೂ. ಒಂದು ಮುಖ ಸಿಕ್ರೆ ಉಳಿದೋರ್ನೆಲ್ಲ ಬಿಟ್ಬಿಡ್ಬೋದು."

ಗಂಜಿ ಅಕ್ಕ ಟವೆಲಿನಿಂದ ಅವಳ ತಲೆ ಒರೆಸಿದಳು. ಹೊರಡುವಾಗ ಟೈಲರಮ್ಮನಿಗೆ, "ಅವನನ್ನ ಗುರುತಿಸೋಕೆ ನಾನು ಬರ್ತೀನಿ ಅಂತ ಠಾಣೆಗೆ ಹೇಳ್ಬಿಡು," ಎಂದಳು. ಠಾಣೆಯವರು ಹೇಳಿದ ದಿನ ಬೆಳಿಗ್ಗೆ ಗಂಡ ಬಂದು ಮಲಗಿದ ಮೇಲೆ, ಮಗಳನ್ನು ಶಾಲೆಗೆ ಕಳಿಸಿ, ಅತ್ತೆಯ ಕೈಗೆಟುಕುವಲ್ಲಿ ನೀರಿಟ್ಟು ಹೊರಟಳು.

"ಎಲ್ಲಿಗೆ?" ಎಂದರು ಅತ್ತೆ.

"ಠಾಣೆಗೆ."

"ಹೋಗು. ಮತ್ತೆ ಲೋಟ ತೊಳೆ ಅಂದ್ರೆ ಒಂದನ್ನ ಕೈ ಜಾರಿಸು."

ಠಾಣೆಯಲ್ಲಿ ಕುರ್ಚಿ ಹಾಕಿದರು. ಚಹಾ ಕೊಟ್ಟರು. ಅವಳು ಲೋಟದ ತಳ ನೋಡಿ ಕೆಳಗಿಟ್ಟಳು. ಇನ್‌ಸ್ಪೆಕ್ಟರ್ ತಾನೇ ಕೂತು ಮಾತಾಡಿದ, ಮೆಲ್ಲಗೆ, ಬಹುವಚನದಲ್ಲಿ.

"ಒಳಗಿನ ರೂಮಲ್ಲಿ ಕೋರ್ಟಿಂದ ಮ್ಯಾಜಿಸ್ಟ್ರೇಟ್ ಮೇಡಂ ಬಂದಿದ್ದಾರೆ. ಕೆಲವು ಗಂಡಸರನ್ನ ಸಾಲಾಗಿ ನಿಲ್ಸಿರ್ತಾರೆ. ನಾವ್ಯಾರೂ ಒಳಗೆ ಬರೋ ಹಾಗಿಲ್ಲ. ಅವನಿದ್ರೆ ತೋರ್ಸಿ. ಎಲ್ಲಿ ನೋಡಿದ್ರಿ ಅಂತ ಮೇಡಂ ಕೇಳ್ತಾರೆ. ನೀರಿಗೆ ಹೋದಾಗ ಆ ಗೋಡೆ ಹತ್ರ ಸುಳಿದಾಡ್ತಿದ್ದ, ಅನುಮಾನ ಬಂದು ಮುಖ ಗುರುತಿಟ್ಕೊಂಡೆ ಅನ್ನಿ. ಅಷ್ಟೇ ಸಾಕು."

"ನನ್ ಹುಬ್ಬು?"

"ಅದು ಈ ಕೇಸಿಗೆ ಸಂಬಂಧ ಇಲ್ಲ."

"ಅವನೇ ಒಡೆದಿದ್ದು. ನಾನು ಇಲ್ಲಿಗೆ ಬಂದು ಹೇಳಿದ್ದೆ. ನೀವಿದ್ರಿ. ಇವ್ರೂ ಇದ್ರು."

ರೈಟರ್ ಕಿಟಕಿಯ ಕಡೆ ನೋಡುತ್ತಿದ್ದ.

"ಹೇಳಿದ್ದು ಎಲ್ಲಿ ಬರ್ದಿದೆ?" ಎಂದ ಇನ್‌ಸ್ಪೆಕ್ಟರ್. "ಬರೀದೆ ಇದ್ದಿದ್ದು ಆಗೇ ಇಲ್ಲ ಅಂತ ಲೆಕ್ಕ."

"ಬರೀಬೇಕಾಗಿದ್ದೋರು ಯಾರು?"

ಅವನು ಸಿಟ್ಟಾಗಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. "ನೋಡಿ ಅಕ್ಕ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಆ ಹಳೇ ವಿಷ್ಯ ಎತ್ತಿದ್ರೆ ಅವನ ವಕೀಲ ಏನಂತಾನೆ? ಇಷ್ಟು ತಿಂಗ್ಳು ಎಲ್ಲಿದ್ದೆ, ಹಳೇ ಹಗೆಗೆ ಈಗ ಬೆರಳು ತೋರಿಸ್ತಿದ್ದೀಯ ಅಂತಾನೆ. ನಿಮ್ ಮಾತು ಬಿತ್ತು ಅಂದ್ರೆ ಆ ಹುಡುಗಿ ಕೇಸು ಬಿತ್ತು. ಸಂಜೆ ಹೊತ್ತಿಗೆ ಅವನು ಮನೇಲಿರ್ತಾನೆ. ನಿಮ್ಮಿಂದಾನೇ ಆಯ್ತು ಅಂತ ಆ ಮಗು ತಾಯಿಗೆ ನೀವೇ ಹೋಗಿ ಹೇಳ್ಬೇಕಾಗುತ್ತೆ."

ಅದು ನಿಜವೋ, ತನ್ನ ಕುರ್ಚಿ ಉಳಿಸಿಕೊಳ್ಳಲು ಅವನು ಹೆಣೆದದ್ದೋ, ಅವಳಿಗೆ ತಿಳಿಯುವ ದಾರಿಯಿರಲಿಲ್ಲ. ಕೇಳೋಣವೆಂದರೆ ಕಾನೂನು ಬಲ್ಲವರು ಯಾರೂ ಹತ್ತಿರ ಇರಲಿಲ್ಲ. ಅತ್ತ ದರಿ, ಇತ್ತ ಪುಲಿ. ಹೇಳಿದರೆ ಹುಡುಗಿಗೆ ಪೆಟ್ಟು ಬೀಳಬಹುದು. ಹೇಳದಿದ್ದರೆ ಆ ಮುಂಜಾನೆ ನಡೆದೇ ಇರಲಿಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ. ತಾನು ಸುಮ್ಮನೆ ನೀರಿಗೆ ಹೋಗಿ ಸುಮ್ಮನೆ ಬಂದವಳು.

"ನಿಮ್ಮ ಮಾತು ನಿಜಾನಾ ಸಾರ್?" ಎಂದು ಕೇಳಿದಳು.

"ನಾನ್ಯಾಕೆ ಸುಳ್ಳು ಹೇಳ್ಲಿ?"

ಅವಳು ಎದ್ದಳು. ಹಜಾರದ ಬೆಂಚಿನಲ್ಲಿ ಟೈಲರಮ್ಮ ಮತ್ತು ಮಗಳು ಕೂತಿದ್ದರು. ಹುಡುಗಿಯ ಕೂದಲು ಬಾಚಿ ಕಟ್ಟಿತ್ತು. ಗಂಜಿ ಅಕ್ಕನನ್ನು ನೋಡಿ ಅವಳು ಏಳಲು ಹೋದಳು. ಕೂತ್ಕೋ ಎಂದು ಇವಳು ಕೈಸನ್ನೆ ಮಾಡಿದಳು. ಹುಡುಗಿಯನ್ನೇ ಕೇಳಿಬಿಡೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಕೇಳಿದರೆ ಆ ಭಾರವನ್ನೂ ಆ ಮುರಿದ ಕೈಯ ಮೇಲೆ ಇಟ್ಟ ಹಾಗೆ. ಕೇಳಲಿಲ್ಲ.

ಕೋಣೆಯಲ್ಲಿ ಗಂಡಸರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದರು. ಎಲ್ಲರೂ ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಬಗೆಯ ಅಂಗಿ. ಹುಡುಕಬೇಕಾಗಲಿಲ್ಲ. ಅವನು ನೆಲ ನೋಡುತ್ತಿದ್ದ. ಅವಳು ಅವನ ಎದುರಿಗೆ ಹೋಗಿ ನಿಂತಳು. ಬೆರಳು ಎತ್ತಿ ತೋರಿಸಿದಳು.

"ಇವನು."

ಮೇಜಿನ ಹಿಂದೆ ಕೂತಿದ್ದ ಮೇಡಂ ಏನೋ ಬರೆದುಕೊಂಡರು. ಗಂಡಸರನ್ನು ಇನ್ನೊಂದು ಬಾಗಿಲಿನಿಂದ ಕರೆದೊಯ್ದರು. ಕೋಣೆಯಲ್ಲಿ ಅವರಿಬ್ಬರೇ ಉಳಿದರು. ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಮತ್ತೆ ಹಾಕಿಕೊಂಡರು.

"ಇವನನ್ನು ಮೊದಲು ಎಲ್ಲಿ ನೋಡಿದ್ರಿ?"

ಇನ್‌ಸ್ಪೆಕ್ಟರ್ ಕಲಿಸಿದ ಮಾತು ಬಾಯಲ್ಲಿ ಸಿದ್ಧವಾಗಿತ್ತು. ಅದನ್ನು ಹೇಳಿಬಿಟ್ಟರೆ ಈಗಲೇ ಮನೆಗೆ ಹೋಗಬಹುದು, ಹುಡುಗಿಗೂ ನ್ಯಾಯ ಸಿಕ್ಕೀತು. ಸಿಕ್ಕೀತು, ನಿಜ. ಆದರೆ ಅವನು ಒಂದೇ ಸಲ, ಒಂದೇ ಸಂಜೆ ಕೆಟ್ಟವನಾದ ಎಂದಾಗುತ್ತದೆ. ಠಾಣೆ ತನಗೆ ತಿಳಿದ ಕೂಡಲೇ ಅವನನ್ನು ಹಿಡಿದ ಹಾಗಾಗುತ್ತದೆ. ತನ್ನದನ್ನು ಅವತ್ತೇ ಬರೆದಿದ್ದರೆ, ಅವನು ಹೇಗಿದ್ದ ಎಂದು ಯಾರಾದರೊಬ್ಬರು ಕೇಳಿದ್ದರೆ, ಹೊರಗೆ ಕೂತ ಮಗುವಿನ ಕೈ ಮುರಿಯುತ್ತಿತ್ತೇ? ಇದನ್ನು ಬಿಟ್ಟು ಹುಡುಗಿಯ ಕತೆಯನ್ನು ಹೇಳುವುದು ಹೇಗೆ? ನಾಳೆ ಇನ್ನೊಬ್ಬಳು ಅದೇ ಬೆಂಚಿಗೆ ಬಂದು ಕೂತರೆ, ಅವಳಿಗೂ ಅದೇ ರೈಟರು. ವಕೀಲ ಕೇಳುವುದನ್ನು ಕೇಳಲಿ. ಅವನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಈ ಬಾಗಿಲಿನ ಆಚೆ ನಿಂತಿದ್ದಾರೆ.

ಆದರೂ ಹುಡುಗಿ ಹೊರಗೆ ಇದ್ದಳು. ಅವಳ ಕೇಸು ಬಿದ್ದರೆ? ಉತ್ತರವಿಲ್ಲದೆಯೇ ನಿರ್ಧರಿಸಬೇಕಿತ್ತು, ಮತ್ತು ಕೋಣೆಯಲ್ಲಿ ಇನ್ಯಾರೂ ಇರಲಿಲ್ಲ.

"ಯಾಕಮ್ಮಾ? ನೆನಪಿಲ್ವಾ?" ಎಂದರು ಮೇಡಂ.

"ನೆನಪಿದೆ. ಸ್ವಲ್ಪ ಉದ್ದ ಇದೆ."

ಗೋಡೆಯ ಬದಿಗಿದ್ದ ಕುರ್ಚಿಯನ್ನು, ಯಾರೂ ಕೂರಲು ಹೇಳುವ ಮೊದಲೇ, ಮೇಜಿನ ಎದುರಿಗೆ ಎಳೆದುಕೊಂಡು ಕೂತಳು.

"ಬರ್ಕೊಳ್ಳಿ," ಎಂದಳು.